ಮೊಂಬಾಸಾಕ್ಕೆ ಹೊರಟಿರುವ ನಮ್ಮೂರಿನ ವ್ಯಾಪಾರಿಗಳಿಗೆ

ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತಿಗೆ 2023ರ ಜುಲೈನಲ್ಲಿ ಬಿದ್ದ ತಡೆ 2024ರ ಸೆಪ್ಟೆಂಬರಿನಲ್ಲಿ ತೆರವಾದ ಮೇಲೆ, ಗಂಗಾವತಿಯ ಗಿರಣಿಗಳಲ್ಲಿ ಆಫ್ರಿಕಾದ ಮಾತು ಮತ್ತೆ ಕೇಳಿಬರುತ್ತಿದೆ. ಖರೀದಿದಾರರನ್ನು ಮುಖತಃ ಕಾಣಬೇಕೆಂದು ನಾನು ಕೀನ್ಯಾದ ಮೊಂಬಾಸಾಕ್ಕೆ ಹೊರಟಾಗ ನಮ್ಮ ಕಾಕಾ, "ಹಗಲೊತ್ತಿನಾಗ ಕೊಳ್ಳಾಗಿನ ಚೈನ್ ಕಿತ್ಗೋತಾರಂತಪಾ, ರೂಮ್ ಬಿಟ್ಟು ಹೊರಗ ಬರಬ್ಯಾಡ" ಎಂದು ಎಚ್ಚರಿಸಿದ್ದರು. ಬಂಗಾರದ ಚೈನನ್ನು ಮನೆಯಲ್ಲೇ ಬಿಟ್ಟುಹೋದೆ. ಆ ಮಟ್ಟಿಗೆ ಅವರ ಮಾತು ಸರಿ. ಆದರೆ ಊರಿಗೆ ಊರೇ ಕಳ್ಳರದ್ದೆಂದು ನಂಬಿ ತಿರುಗುವವನು ಮಧ್ಯಾಹ್ನದ ಹೊತ್ತಿಗೇ ದಣಿಯುತ್ತಾನೆ, ನಿಜಕ್ಕೂ ಎಚ್ಚರ ಬೇಕಾದ ಸಂಜೆಯ ಗಳಿಗೆಯಲ್ಲಿ ಮೈಮರೆಯುತ್ತಾನೆ. ಮೊಂಬಾಸಾದಲ್ಲಿ ಅಪಾಯವಿರುವುದು ಕೆಲವೇ ಜಾಗಗಳಲ್ಲಿ, ಕೆಲವೇ ಹೊತ್ತಿನಲ್ಲಿ. ಅವು ಯಾವುವೆಂದು ಮೊದಲೇ ತಿಳಿದರೆ ಉಳಿದ ಸಮಯದಲ್ಲಿ ಮನುಷ್ಯರೊಡನೆ ಮನುಷ್ಯರಂತೆ ಮಾತನಾಡಬಹುದು.

ಮೊಂಬಾಸಾದ ಹಳೆಯ ಪಟ್ಟಣ ಇರುವುದು ಒಂದು ದ್ವೀಪದ ಮೇಲೆ. ಪಶ್ಚಿಮಕ್ಕೆ ಮಕುಪಾ ಸೇತುವೆ, ಉತ್ತರಕ್ಕೆ ನ್ಯಾಲಿ ಸೇತುವೆ; ದಕ್ಷಿಣದ ಲಿಕೋನಿಗೆ ನೇರವಾಗಿ ಹೋಗಲು ಮಾತ್ರ ಹಡಗಿನಲ್ಲಿ ದಾಟಬೇಕು. ಈ ಲಿಕೋನಿ ಫೆರ್ರಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೊಸಬರು ಅಲ್ಲಿ ಕಳ್ಳನ ಕಡೆಗಷ್ಟೇ ಗಮನವಿಟ್ಟು ನೀರನ್ನು ಮರೆಯುತ್ತಾರೆ. ನಡೆದು ದಾಟುವವರಿಗೆ ಟಿಕೆಟ್ ಇಲ್ಲ. ಕಾಯುವ ಜಾಗದ ಗೇಟು ತೆರೆದ ಕೂಡಲೇ ಜನ ಇಳಿಜಾರಿನಲ್ಲಿ ಒಮ್ಮೆಗೇ ನುಗ್ಗುತ್ತಾರೆ. ತಲೆಯ ಮೇಲೆ ಮೂಟೆ ಹೊತ್ತವರು, ಸೈಕಲ್ ತಳ್ಳುವವರು, ಶಾಲೆಯ ಮಕ್ಕಳು ಎಲ್ಲರೂ ಅದರಲ್ಲೇ ಇರುತ್ತಾರೆ. ಜೇಬಿನ ಫೋನು ಹೋಗುವುದು ಆ ನೂಕುನುಗ್ಗಲಿನಲ್ಲಿ. ಚೀಲವನ್ನು ಎದೆಯ ಮೇಲೆ ಹಾಕಿಕೊಂಡು, ಮೊದಲ ಅಲೆ ಇಳಿದುಹೋಗಲಿ ಎಂದು ಪಕ್ಕಕ್ಕೆ ನಿಂತರೆ ಅರ್ಧ ತೊಂದರೆ ತಪ್ಪುತ್ತದೆ. 1994ರ ಏಪ್ರಿಲಿನಲ್ಲಿ ಇದೇ ಕಾಲುವೆಯ ಎಂಟೊಂಗ್ವೆ ದಾರಿಯಲ್ಲಿ ಜನ ಕಿಕ್ಕಿರಿದಿದ್ದ ಫೆರ್ರಿ ಮಗುಚಿ 270ಕ್ಕೂ ಹೆಚ್ಚು ಜನ ಸತ್ತರು. 2019ರ ಸೆಪ್ಟೆಂಬರಿನಲ್ಲಿ ಲಿಕೋನಿ ಫೆರ್ರಿಯ ಮೇಲಿದ್ದ ಕಾರೊಂದು ಹಿಂದಕ್ಕೆ ಜಾರಿ ಸಮುದ್ರಕ್ಕೆ ಬಿದ್ದು ತಾಯಿ ಮಗಳು ಇಬ್ಬರೂ ತೀರಿಕೊಂಡರು. ಹೀಗಾಗಿ ಕಾರಿನಲ್ಲಿ ದಾಟುವಾಗ ನಾನು ಚಾಲಕನಿಗೆ ಹೇಳಿ ಕೆಳಗಿಳಿದು ನಿಲ್ಲುತ್ತೇನೆ. ಅವನು ನಗುತ್ತಾನೆ, ನಗಲಿ. ಅಲ್ಲಿ ಫೋಟೋ ತೆಗೆಯುವಂತಿಲ್ಲ. ಕಿಲಿಂಡಿನಿ ಬಂದರಿನಲ್ಲಿಯೂ ಅದೇ ನಿಯಮ, ನಮ್ಮ ಕಂಟೇನರ್ ಎಂಬ ಅಭಿಮಾನಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ಹೊತ್ತಿನ ವಿಚಾರ. ಭೂಮಧ್ಯರೇಖೆಗೆ ಹತ್ತಿರದ ಊರಾದ್ದರಿಂದ ಅಲ್ಲಿ ವರ್ಷವಿಡೀ ಸಂಜೆ ಆರರಿಂದ ಆರೂಮುಕ್ಕಾಲರೊಳಗೆ ಸೂರ್ಯ ಮುಳುಗುತ್ತದೆ, ಮುಳುಗಿದ ಸ್ವಲ್ಪ ಹೊತ್ತಿಗೇ ಕತ್ತಲು ಕವಿಯುತ್ತದೆ. ನಮ್ಮಲ್ಲಿ ಬೇಸಿಗೆಯ ಸಂಜೆ ಏಳಾದರೂ ಬೆಳಕಿರುತ್ತದೆಂಬ ರೂಢಿಯಲ್ಲಿ, "ಇನ್ನೊಂದು ಅಂಗಡಿ ನೋಡಿಕೊಂಡು ಹೋಗೋಣ" ಎಂದು ಕೊಂಗೊವೆಯಾ ಮಾರುಕಟ್ಟೆಯಲ್ಲೋ ಹಳೆ ಪಟ್ಟಣದ ಸಂದಿಗಳಲ್ಲೋ ಉಳಿದುಬಿಡುತ್ತೇವೆ. 1590ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಫೋರ್ಟ್ ಜೀಸಸ್ ಕೋಟೆಯ ಸುತ್ತ ಹಗಲಿನಲ್ಲಿ ನಿರಾತಂಕವಾಗಿ ಅಡ್ಡಾಡಿದ್ದೇನೆ. ಅದೇ ಓಣಿಗಳಲ್ಲಿ ಕತ್ತಲಾದ ಮೇಲೆ ಒಬ್ಬನೇ ನಡೆಯುವುದಿಲ್ಲ. ಕಡಲ ದಂಡೆಗೂ ಇದೇ ಮಾತು. ನೈರೋಬಿಯಿಂದ ಬರುವವರು 2017ರಲ್ಲಿ ಶುರುವಾದ ರೈಲಿನಲ್ಲಿ ಬರುವುದು ಒಳ್ಳೆಯದು, ಆದರೆ ಬೆಳಗಿನ ರೈಲಿಗೇ ಟಿಕೆಟ್ ಮಾಡಿಸಬೇಕು. ಮೊಂಬಾಸಾದ ನಿಲ್ದಾಣ ಊರೊಳಗಿಲ್ಲ, ದೂರದ ಮಿರಿಟಿನಿಯಲ್ಲಿದೆ. ಮಧ್ಯಾಹ್ನದ ರೈಲು ಹಿಡಿದರೆ ಕತ್ತಲಲ್ಲಿ ಇಳಿದು ಟ್ಯಾಕ್ಸಿ ಹುಡುಕುವ ಕೆಲಸ ಬೀಳುತ್ತದೆ.

ಊರಿನೊಳಗೆ ಓಡಾಡಲು ಟುಕ್‌ಟುಕ್ ಇದೆ. ಹೆಚ್ಚಿನವು ನಮ್ಮ ದೇಶದಿಂದಲೇ ಹೋದ ಆಟೋಗಳು, ಮೀಟರ್ ಮಾತ್ರ ಇಲ್ಲ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು. ಎರಡೂ ಬದಿ ತೆರೆದಿರುವುದರಿಂದ ಫೋನು ಕೈಯಲ್ಲಿ ಹಿಡಿದು ನಕ್ಷೆ ನೋಡುತ್ತ ಕೂರಬಾರದು. ಮೋಟರ್‌ಸೈಕಲ್ಲಿನವರು ಪಕ್ಕದಿಂದ ಎಗರಿಸಿಕೊಂಡು ಹೋಗುವುದುಂಟು.

ದುಡ್ಡಿನ ವಿಷಯಕ್ಕೆ ಬಂದರೆ, ಬಿಳಿಯರಿಗಿಲ್ಲದ ಒಂದು ತೊಂದರೆ ನಮಗಿದೆ. ತಲೆಮಾರುಗಳಿಂದ ಗುಜರಾತಿ ಅಂಗಡಿಕಾರರನ್ನು ಕಂಡ ಊರು ಅದು. ನಮ್ಮ ಮುಖ ಕಂಡೊಡನೆ ಪ್ರವಾಸಿ ಎಂದಲ್ಲ, ಗಲ್ಲೆಯಲ್ಲಿ ನಗದು ಇಟ್ಟುಕೊಂಡ ಸೇಠ್ ಎಂದು ಎಣಿಸುವವರು ಇದ್ದಾರೆ. ಇದಕ್ಕೆ ಮದ್ದೂ ಅಲ್ಲೇ ಇದೆ. ಫೋನಿನಲ್ಲೇ ಹಣ ಕಳಿಸುವ, 2007ರಲ್ಲಿ ಹುಟ್ಟಿದ ಎಂ-ಪೆಸಾ ಇಂದು ಎಳನೀರಿನವನಿಂದ ಹೋಟೆಲಿನವರೆಗೆ ಎಲ್ಲರಲ್ಲೂ ನಡೆಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಪಡೆದು ಖಾತೆ ತೆರೆದರೆ ಜೇಬಿನಲ್ಲಿ ನೋಟಿನ ಕಂತೆ ಬೇಕಿಲ್ಲ. ಅಂಗಡಿಯ ಗೋಡೆಯ ಮೇಲೆ ಹಸಿರು ಹಲಗೆಯಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ. ಅದನ್ನೂ ಮೊತ್ತವನ್ನೂ ಒತ್ತಿದ ಮೇಲೆ ಹಣ ಯಾರ ಹೆಸರಿಗೆ ಹೋಗುತ್ತಿದೆಯೆಂದು ಫೋನು ತೋರಿಸುತ್ತದೆ. ಆ ಹೆಸರನ್ನು ಹಲಗೆಯ ಹೆಸರಿಗೆ ತಾಳೆ ನೋಡಿ ಮುಂದುವರಿಯಬೇಕು. "ತಪ್ಪಿ ನಿಮ್ಮ ನಂಬರಿಗೆ ಹಣ ಬಂದಿದೆ, ವಾಪಸ್ ಹಾಕಿ" ಎಂಬ ಕರೆ ಅಲ್ಲಿಯೂ ಬರುತ್ತದೆ. ಫೋನ್‌ಪೇ ಬಳಸುವ ನಮಗೆ ಇದು ಗೊತ್ತಿಲ್ಲದ ಆಟವೇನಲ್ಲ.

ಪೊಲೀಸರೆಂದು ಹೇಳಿಕೊಂಡು ದಾರಿಯಲ್ಲಿ ತಡೆದವರಿಗೆ ಪರ್ಸ್ ತೆಗೆದು ತೋರಿಸಬಾರದು. ಗುರುತಿನ ಚೀಟಿ ಕೇಳಿ, ಠಾಣೆಗೇ ಹೋಗಿ ಮಾತಾಡೋಣವೆಂದು ಸಮಾಧಾನದಿಂದ ಹೇಳಬೇಕು. ತುರ್ತಿಗೆ 999 ಅಥವಾ 112. ಮೊಂಬಾಸಾದಲ್ಲಿ ಭಾರತದ ಸಹಾಯಕ ಹೈಕಮಿಷನ್ ಕಚೇರಿ ಇದೆ. ಅದರ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ, ಕಳೆಯುವುದು ಮೊದಲು ಫೋನೇ. 2024ರ ಜೂನಿನಲ್ಲಿ ತೆರಿಗೆ ಮಸೂದೆಯ ವಿರುದ್ಧ ನಡೆದಂಥ ಮೆರವಣಿಗೆಗಳ ದಿನ ಹೋಟೆಲಿನಲ್ಲೇ ಉಳಿಯುವುದು ಲೇಸು.

ನಮ್ಮವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ ಬುತ್ತಿಯದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಲ್ಲದೆ ನಾವು ಹೊಳೆ ದಾಟುವವರಲ್ಲ. ಆದರೆ ಕೀನ್ಯಾದಲ್ಲಿ 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದ್ದು, ಕಾನೂನಿನಲ್ಲಿ ಭಾರಿ ದಂಡ, ಜೈಲು ಎರಡೂ ಇವೆ. ಹಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ, ರೊಟ್ಟಿ ಬಟ್ಟೆಯಲ್ಲಿರಲಿ.

ಆರೋಗ್ಯದ ಮಟ್ಟಿಗೆ, ಕರಾವಳಿಯಲ್ಲಿ ಮಲೇರಿಯಾ ಇದೆ. ಹೊರಡುವ ಮೊದಲು ವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಳ್ಳಬೇಕು, ರಾತ್ರಿ ಸೊಳ್ಳೆ ಪರದೆ ಬಿಡಬಾರದು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಇದನ್ನು ಕೇಳುವವರು ಹೆಚ್ಚಾಗಿ ನಮ್ಮವರೇ: ಕೀನ್ಯಾದಿಂದ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಬ್ಯಾಗು ಕೈಗೆ ಸಿಗುವ ಮೊದಲೇ ಆ ತಪಾಸಣೆ ನಡೆಯುವುದರಿಂದ, ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಯಲ್ಲೇ ಇರಲಿ.