ಬಾಕಿ ಕೇಳಲು ಬೇರೆ ಆಳಿಲ್ಲದಿದ್ದರೆ

ಚಿಕ್ಕಮಗಳೂರಿನ ಕಡೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಮೋಟಾರ್ ರಿಪೇರಿ ಅಂಗಡಿಗಳಲ್ಲಿ ಸ್ಪ್ಯಾನರ್ ಹಿಡಿದವರೇ ಬಿಲ್ಲೂ ಬರೆಯಬೇಕು, ಬಾಕಿಯೂ ಕೇಳಬೇಕು. ದಿನವೂ ಎಲ್ಲರಿಗೂ ಫೋನ್ ಮಾಡುತ್ತಾ ಕೂತರೆ ಕೆಲಸ ಕೆಡುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಸಾಕು. ಬಾಕಿಯನ್ನು 30, 60, 90 ದಿನವೆಂದು ವಿಂಗಡಿಸಿ, ದೊಡ್ಡ ಮೊತ್ತದಿಂದ ಶುರು ಮಾಡಿ.

ಕಾಫಿ ಎಸ್ಟೇಟಿನವರ ಲೆಕ್ಕವೇ ಬೇರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ. ಮಳೆಗಾಲದಲ್ಲಿ ಕೇಳಿದರೆ "ಕಾಫಿ ಮಾರಲಿ, ನೋಡೋಣ" ಅಂತಲೇ ಉತ್ತರ. ಆಗ ದುಡ್ಡಿನ ಬದಲು ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ: ಬಿಲ್ ನಂಬರ್, ತಾರೀಖು, ಮೊತ್ತ, ಅಷ್ಟೇ. ದಾವಾ ಹೂಡಲು ಕಾಲಮಿತಿ 3 ವರ್ಷ. ಅದು ಮುಗಿಯುವ ಮೊದಲೇ ಸಹಿ ಬಿದ್ದರೆ ಅಲ್ಲಿಂದ ಹೊಸ ಎಣಿಕೆ. ಮುಗಿದ ಮೇಲಿನ ಸಹಿಗೆ ಆ ಬಲವಿಲ್ಲ.

ಬಿಲ್ ನಿಲ್ಲುವುದು ಹೆಚ್ಚಾಗಿ ಕಾಗದ ಸರಿಯಿಲ್ಲದೆ. ಎಸ್ಟೇಟಿನ ರೈಟರ್ (ಗುಮಾಸ್ತ) ಫೋನಿನಲ್ಲಿ ಹೇಳಿದ ಕೆಲಸ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಜಾಬ್ ಕಾರ್ಡಿನಲ್ಲಿ, ಅಂದರೆ ಮಾಡಿದ ರಿಪೇರಿಯ ವಿವರ ಬರೆಯುವ ಚೀಟಿಯಲ್ಲಿ, ಹೊಸ ಬೇರಿಂಗಿನ ನಂಬರ್ ಬರೆಯಿರಿ, ಹಳೆಯದನ್ನು ವಾಪಸ್ ಕೊಡಿ, ಒಯ್ದವರ ಸಹಿ ಪಡೆಯಿರಿ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಕೆಲಸಕ್ಕೆ ಮೊದಲೇ ಆಗಿದ್ದರೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಕೈ ಹಿಡಿಯುತ್ತದೆ. ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಬೇಕಾದದ್ದು ಫೆಸಿಲಿಟೇಷನ್ ಕೌನ್ಸಿಲ್‌ಗೆ, ಅಂದರೆ ಈ ಕಾಯ್ದೆಯಡಿ ಬಾಕಿ ತಗಾದೆ ಬಗೆಹರಿಸುವ ಮಂಡಳಿಗೆ. ಆದರೆ ಆ ಗಿರಾಕಿ ಮತ್ತೆ ಬರುವುದು ಅನುಮಾನ. ಸಣ್ಣ ಮೊತ್ತಕ್ಕೆ ಇದು ಬೇಡ.