ಬೆನ್ನು ಸವೆಸಿಕೊಂಡ ವೆಬ್ಲಿ

ಇಂದು ಬೆಳಿಗ್ಗೆ ಇಲ್ಲಿ ಟೆಕ್ಸಾಸ್‌ನ ಶೂಟಿಂಗ್ ರೇಂಜಿನಲ್ಲಿ, ಹಳೆಯ ರಿವಾಲ್ವರ್‌ಗಳನ್ನು ಸಂಗ್ರಹಿಸುವ ಗೆಳೆಯರೊಬ್ಬರು ತಾವು ಹೊಸದಾಗಿ ಕೊಂಡ ವೆಬ್ಲಿ ಮಾರ್ಕ್ 6 ಅನ್ನು ನನ್ನ ಕೈಗಿತ್ತರು. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ ಮಾದರಿ ಅದು. ಎಡಬದಿಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿ ನಳಿಕೆಯನ್ನು ಕೆಳಕ್ಕೆ ಬಾಗಿಸಿದರೆ, ಅಡಕತ್ತರಿ ಬಾಯಿ ತೆರೆದಂತೆ ಇಡೀ ರಿವಾಲ್ವರ್ ತೆರೆದುಕೊಂಡು, ಆರೂ ಖಾಲಿ ತೋಟಾಗಳನ್ನು ತಾನೇ ಮೇಲಕ್ಕೆ ತಳ್ಳುತ್ತದೆ. ಆ ಸದ್ದಿನ ಆಸೆಗೆ ಮೂರು ಬಾರಿ ತೆರೆದು ಮುಚ್ಚಿದೆ.

ಆದರೆ ತೋಟಾಗಳು ಕೂರುವ ತಿರುಗುವ ಉರುಳೆಯ, ಅಂದರೆ ಸಿಲಿಂಡರಿನ, ಹಿಂಬದಿ ಕಂಡಾಗ ಮನಸ್ಸು ಮುದುಡಿತು. ಇದರ ಮೂಲ ತೋಟಾ ಆದ .455 ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಅಮೆರಿಕಕ್ಕೆ ಬಂದ ಇಂಥ ಎಷ್ಟೋ ರಿವಾಲ್ವರ್‌ಗಳ ಸಿಲಿಂಡರನ್ನು, ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ ಮೂರು ಮೂರಾಗಿ ಸಿಕ್ಕಿಸುವ .45 ಎಸಿಪಿ ಎಂಬ ಅಮೆರಿಕದ ಪಿಸ್ತೂಲ್ ತೋಟಾ ಹಿಡಿಯುವಂತೆ ಯಂತ್ರಕ್ಕೆ ಕೊಟ್ಟು ಸವೆಸಿದ್ದರು. ಇದೂ ಅವುಗಳಲ್ಲೊಂದು. ನನಗೇನೋ ಅದು ಹಳೆಯ ಮನೆಯ ತೇಗದ ಬಾಗಿಲನ್ನು ಹೊಸ ಬೀಗಕ್ಕಾಗಿ ಕೊರೆದಂತೆ ಕಂಡಿತು. ಕೊರೆಯದೆ ಇದ್ದಿದ್ದರೆ ಇವತ್ತು ನಾನದನ್ನು ಹಾರಿಸುತ್ತಲೂ ಇರಲಿಲ್ಲವೆನ್ನಿ.

ಕಾರ್ಖಾನೆಯಿಂದ ಬರುವ ಎಸಿಪಿ ತೋಟಾದ ಒತ್ತಡ ಈ ಸಿಲಿಂಡರಿಗೆ ಹೆಚ್ಚಾಗುತ್ತದೆ. ಹಾಗಾಗಿ ಗೆಳೆಯರು ಮದ್ದು ಕಡಿಮೆ ಹಾಕಿ ಮನೆಯಲ್ಲೇ ತುಂಬಿದ ತೋಟಾಗಳನ್ನು ಡಬ್ಬಿಯಲ್ಲಿ ತಂದಿದ್ದರು. ಆರು ಗುಂಡುಗಳಲ್ಲಿ ಎರಡು ಮಾತ್ರ ಕಾಗದಕ್ಕೆ ತಾಗಿದವು, ಅದಕ್ಕೆ ವೆಬ್ಲಿಯನ್ನು ದೂರುವಂತಿಲ್ಲ.