ಹುಂಚ ನೋಡಿ, ಆಮೇಲೆ ಕಾರ್ಕಳಕ್ಕೆ ಇಳಿಯಿರಿ

ಶಿವಮೊಗ್ಗದವರು ಕಾರ್ಕಳದ ಗೊಮ್ಮಟನನ್ನು ನೋಡಲು ಹೊರಟರೆ ಸಾಮಾನ್ಯವಾಗಿ ತೀರ್ಥಹಳ್ಳಿ, ಆಗುಂಬೆ ಹಿಡಿದು ನೇರ ಇಳಿದುಬಿಡುತ್ತಾರೆ. ಅದೇ ದಿನ ವೇಣೂರು, ಧರ್ಮಸ್ಥಳ ಎರಡನ್ನೂ ಮುಗಿಸಿ, ಮೂರು ಗೊಮ್ಮಟನ ಮುಂದೆ ಫೋಟೊ ತೆಗೆಸಿಕೊಂಡು ರಾತ್ರಿಯೊಳಗೆ ಮನೆ ಸೇರುವವರೂ ಇದ್ದಾರೆ. ನಮಗೆ ಆ ಅವಸರ ಬೇಡವಾಗಿತ್ತು. ಆಯನೂರು, ರಿಪ್ಪನ್‌ಪೇಟೆ ಹಾಯ್ದು ಮೊದಲು ಹುಂಚಕ್ಕೆ ಹೋದೆವು. ಕಾರ್ಕಳದ ಬಂಡೆಯ ಮೇಲೆ ನಿಂತಿರುವ ಮೂರ್ತಿಯ ಕಥೆ ಶುರುವಾಗುವುದು ನಮ್ಮ ಜಿಲ್ಲೆಯ ಈ ಊರಿನಲ್ಲಿ.

ದೀಪಾವಳಿ ಕಳೆದು ಕೊನೆಕೊಯ್ಲು ಭರದಿಂದ ನಡೆದಿದ್ದ ದಿನಗಳು. ದಾರಿಯುದ್ದಕ್ಕೂ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ಕಾರು ಓಡಿಸುತ್ತಿದ್ದ ಭಾವನಿಗೆ ಅಡಿಕೆ ರೇಟಿನ ಮಾತು ಬಿಟ್ಟರೆ ಬೇರೆ ಬೇಕಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಕ್ಕ, "ಅಲ್ಲಾ ಕಣೇ, ಗೊಮ್ಮಟ ಇರೋದು ಕಾರ್ಕಳದಲ್ಲಿ, ನಾವ್ಯಾಕೆ ಹುಂಚದ ಕಡೆ ಹೊರಟಿದ್ದೀವಿ?" ಎಂದು ಕೇಳುತ್ತಲೇ ಇದ್ದಳು.

ಹುಂಚ ಹಿಂದೆ ಮಲೆನಾಡಿನ ಈ ಭಾಗ ಆಳಿದ ಜೈನ ಅರಸರಾದ ಸಾಂತರರ ರಾಜಧಾನಿ. ಆಗ ಇದರ ಹೆಸರು ಪೊಂಬುರ್ಚ. ಜೈನರಿಗೆ ಇಂದಿಗೂ ಹೊಂಬುಜ. ಉತ್ತರದ ಮಥುರೆಯಿಂದ ಪದ್ಮಾವತಿಯ ಮೂರ್ತಿಯೊಂದಿಗೆ ಬಂದ ಸಾಂತರರ ಮೂಲಪುರುಷ ಜಿನದತ್ತರಾಯ ಲಕ್ಕಿ ಗಿಡದ ಕೆಳಗೆ ನೆಲೆ ನಿಂತ ಎಂಬುದು ಇಲ್ಲಿನ ಸ್ಥಳಪುರಾಣ. ಪದ್ಮಾವತಿ ಅಮ್ಮನವರ ಸನ್ನಿಧಿಯಲ್ಲಿ ಯಾವಾಗಲೂ ಜನವಿರುತ್ತದೆ. ಸ್ವಲ್ಪ ಆಚೆ ಇರುವ ಪಂಚಕೂಟ ಬಸದಿಯ ಕಡೆ ಹೆಚ್ಚಿನವರು ಕಾಲಿಡುವುದೇ ಇಲ್ಲ. ನಾವು ಹೋದಾಗ ಅಲ್ಲಿ ಹುಲ್ಲು ಹೆರೆಯುತ್ತಿದ್ದ ಒಬ್ಬ ಹೆಂಗಸು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. 1077ರಲ್ಲಿ ಚಟ್ಟಲದೇವಿ ತನ್ನನ್ನು ಅಗಲಿದವರ ನೆನಪಿಗೆ ಕಟ್ಟಿಸಿದ ಬಸದಿ ಇದು. ಸಾಲಾಗಿ ಐದು ಗರ್ಭಗುಡಿ. ಶಾಸನದಲ್ಲಿ ಇದಕ್ಕೆ ಉರ್ವೀತಿಲಕವೆಂಬ ಹೆಸರಿದೆ. ಎದುರಿಗೆ ಎತ್ತರದ ಮಾನಸ್ತಂಭ. ಮೆಟ್ಟಿಲು ಮೆಟ್ಟಿಲಾದ ಅದರ ಪೀಠದ ಮೂಲೆಗಳಿಂದ ಆನೆಗಳು ಮೈ ಹೊರಚಾಚಿವೆ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಊರ ಹಿಂದಿನ ಗುಡ್ಡ. ಒಂಬತ್ತನೇ ಶತಮಾನದ ಕೊನೆಯಲ್ಲಿ ವಿಕ್ರಮ ಸಾಂತರ ಅಲ್ಲಿ ಬಾಹುಬಲಿಗೆ ಬಸದಿ ಕಟ್ಟಿಸಿದ. ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ 58 ಅಡಿಯ ಮೂರ್ತಿ ನಿಲ್ಲಿಸಿದ್ದು 981ರ ಸುಮಾರಿಗೆ. ಅಂದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಮಲೆನಾಡಿನ ಈ ಗುಡ್ಡದ ಮೇಲೆ ಬಾಹುಬಲಿಗೆ ಪೂಜೆ ನಡೆಯುತ್ತಿತ್ತು. ಈ ಮಾತು ಹೇಳಿದಾಗ ಅಕ್ಕನ ಪ್ರಶ್ನೆ ನಿಂತಿತು. ಭಾವನೂ ಅಡಿಕೆ ಮರೆತು ಗುಡ್ಡದ ಕಡೆ ತಿರುಗಿ ನೋಡಿದ.

ಮುಂದೆ ಸಾಂತರರ ಒಂದು ಕವಲು ಕಳಸಕ್ಕೆ ಹೋಯಿತು, ಅಲ್ಲಿಂದ ಘಟ್ಟದ ಕೆಳಗೆ ಕಾರ್ಕಳಕ್ಕೂ ಇಳಿಯಿತು. ಕಳಸ-ಕಾರ್ಕಳದ ಭೈರರಸರೆಂದರೆ ಇವರೇ. ಕರಾವಳಿಗೆ ಇಳಿದ ಮೇಲೂ ತಾವು ಜಿನದತ್ತನ ವಂಶದವರೆಂದೇ ಹೇಳಿಕೊಂಡರು.

ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಆಗುಂಬೆಗೆ ಬಂದೆವು. ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಸೇರುವಷ್ಟರಲ್ಲಿ ಸ್ವೆಟರ್‌ಗಳು ಬ್ಯಾಗು ಸೇರಿದ್ದವು. ಹೆಬ್ರಿ ದಾಟಿ ವರಂಗದಲ್ಲಿ ಕೆರೆ ಬಸದಿಗೆ ದೋಣಿಯಲ್ಲಿ ಹೋಗಿ ಬಂದೆವು. ಅಲ್ಲಿನ ಬಸದಿಗಳೂ ಹೊಂಬುಜ ಮಠದ ಆಡಳಿತಕ್ಕೇ ಸೇರಿವೆ. ಘಟ್ಟದ ಮೇಲಿನ ನಂಟು ಇಲ್ಲಿ ಇನ್ನೂ ಕಡಿದಿಲ್ಲ.

ರಾತ್ರಿ ಕಾರ್ಕಳದಲ್ಲೇ ಉಳಿದು, ಬೆಳಗಾಗುತ್ತಿದ್ದಂತೆ ಬೆಟ್ಟ ಹತ್ತಿದೆವು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಬರಿಗಾಲು. ಪ್ರಾಕಾರದ ಹೊರಗೆ ಬ್ರಹ್ಮದೇವರ ಕಂಬ. ಮೂರ್ತಿ ನಿಂತು ನಾಲ್ಕು ವರ್ಷಕ್ಕೆ, 1436ರಲ್ಲಿ ಎತ್ತಿದ್ದು. ಒಳಗೆ ಕಾಲಿಟ್ಟರೆ 42 ಅಡಿಯ ಗೊಮ್ಮಟ. ಭೈರವರಸನ ಮಗ ವೀರಪಾಂಡ್ಯ, ಗುರು ಲಲಿತಕೀರ್ತಿಯ ಉಪದೇಶದಂತೆ, ಶಕ ವರ್ಷ 1353ರ ಫಾಲ್ಗುಣದಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ. ನಮ್ಮ ಲೆಕ್ಕಕ್ಕೆ 1432ರ ಫೆಬ್ರುವರಿ 13.

ಎಲ್ಲರೂ ಮೊದಲು ಮುಖ ನೋಡುತ್ತಾರೆ. ಬೆಳಗೊಳದ ಮೂರ್ತಿಯ ನವಿರಾದ ನಗು ಇಲ್ಲಿಲ್ಲ, ಒಪ್ಪುತ್ತೇನೆ. ಆದರೆ ಪಾದದ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕಾಲಿನ ಪಕ್ಕ ಹುತ್ತ, ಹುತ್ತದಲ್ಲಿ ಹಾವು. ಬಳ್ಳಿ ತೊಡೆಯನ್ನು ಬಳಸಿ ಮೇಲಕ್ಕೆ ಏರಿ ತೋಳನ್ನು ಸುತ್ತಿದೆ. ಮಳೆನೀರು ಹರಿದು ಕಪ್ಪಾದ ಗೆರೆಗಳು ಭುಜದಿಂದ ಇಳಿದಿವೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಎಲೆ ಎಲೆಯೂ ಎದ್ದು ಕಾಣುತ್ತಿತ್ತು. ಅಣ್ಣ ಭರತನನ್ನು ಗೆದ್ದ ಕ್ಷಣದಲ್ಲೇ ರಾಜ್ಯ ಬೇಡವೆಂದು ತಪಸ್ಸಿಗೆ ನಿಂತವನು ಬಾಹುಬಲಿ. ಬಳ್ಳಿ ಬೆಳೆದದ್ದೂ ಅರಿಯದಷ್ಟು ಕಾಲ ನಿಂತ. ಅದನ್ನು ಹೇಳುವುದಕ್ಕೆ ಶಿಲ್ಪಿಗೆ ಮುಖಕ್ಕಿಂತ ಈ ಬಳ್ಳಿಯೇ ಹೆಚ್ಚು ನೆರವಾಗಿದೆ. ಅಕ್ಕ ಅದನ್ನು ಬುಡದಿಂದ ತುದಿವರೆಗೆ ಕಣ್ಣಲ್ಲೇ ಹಿಂಬಾಲಿಸುತ್ತಾ ಎಷ್ಟೋ ಹೊತ್ತು ಕತ್ತೆತ್ತಿ ನಿಂತಿದ್ದಳು.

ಬೆಳಗೊಳದ್ದು ಬೆಟ್ಟದ ತುದಿಯನ್ನೇ ಕಡೆದು ಮಾಡಿದ ಮೂರ್ತಿ. ಕಾರ್ಕಳದ್ದನ್ನು ಬೇರೆಡೆ ಕಡೆದು, ಬಂಡಿಗಳ ಮೇಲೆ ಎಳೆದು ಬೆಟ್ಟಕ್ಕೆ ಏರಿಸಿದರೆಂದು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ತೂಕ ಸುಮಾರು 80 ಟನ್ ಅನ್ನುತ್ತಾರೆ. ಕೆಳಗಿಳಿದು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ನಾವು ಇದೇ ಮಾತಾಡುತ್ತಿದ್ದೆವು. ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು: "ಧರ್ಮಸ್ಥಳದ್ದೂ ಇಲ್ಲಿಯೇ ಕೆತ್ತಿದ್ದು ಮಾರಾಯ್ರೇ, ನಮ್ಮ ಗೋಪಾಲ ಶೆಣೈಯವರು. ಅದು ಹೊರಟಾಗ ನಾವೆಲ್ಲ ಹಿಂದಿನಿಂದ ನಡೆದುಕೊಂಡು ಹೋದದ್ದು. ಜನವೋ ಜನ! ಸಂಕ ಬಂದರೆ ಸಾಕು, ಎಲ್ಲರಿಗೂ ಎದೆ ಢವಢವ." ಅವರು ಹೇಳಿದ್ದು 39 ಅಡಿಯ ಮೂರ್ತಿಯ ಮಾತು. ರೆಂಜಾಳ ಗೋಪಾಲ ಶೆಣೈ ಕಾರ್ಕಳದಲ್ಲಿ ಕಡೆದ ಆ ಮೂರ್ತಿ 1973ರಲ್ಲಿ ರಸ್ತೆಯಲ್ಲಿ ದಿನಗಟ್ಟಲೆ ಸಾಗಿ ಧರ್ಮಸ್ಥಳ ಸೇರಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಯಂತ್ರಗಳಿದ್ದೂ ಆ ಪಾಡು. ವೀರಪಾಂಡ್ಯನ ಕಾಲದಲ್ಲಿ ಹಗ್ಗ ಹಿಡಿದ ಸಾವಿರಾರು ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆ ಕೈಗಳಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಚತುರ್ಮುಖ ಬಸದಿಯನ್ನು ತಪ್ಪಿಸಬೇಡಿ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, 108 ಕಂಬ. ಅದರ ಮೆಟ್ಟಿಲ ಮೇಲೆ ನಿಂತರೆ ಎದುರಿನ ಬೆಟ್ಟದ ಗೋಡೆಯಾಚೆ ಗೊಮ್ಮಟನ ತಲೆ, ಭುಜ ಕಾಣುತ್ತವೆ. ಇಷ್ಟು ದೂರದಿಂದ ಅವನ ಎತ್ತರ ಹೆಚ್ಚು ಅರಿವಿಗೆ ಬರುತ್ತದೆ.

ವೇಣೂರಿನ 1604ರ ಗೊಮ್ಮಟನನ್ನು ಇನ್ನೊಮ್ಮೆಗೆ ಇಟ್ಟುಕೊಂಡು, ಬಜಗೋಳಿ, ಮಾಳದ ಮೇಲೆ ಕುದುರೆಮುಖ ಘಟ್ಟ ಹತ್ತಿ ಕಳಸಕ್ಕೆ ಬಂದೆವು. ಭೈರರಸರು ಆಳಿದ ಇನ್ನೊಂದು ಊರು. ಜೈನ ಅರಸರಾದರೂ ಇಲ್ಲಿನ ಕಳಸೇಶ್ವರನಿಗೆ ದತ್ತಿ ಬಿಟ್ಟವರು. ಅಲ್ಲಿಂದ ಬಾಳೆಹೊನ್ನೂರು, ನರಸಿಂಹರಾಜಪುರದ ಮೇಲೆ ಶಿವಮೊಗ್ಗ.

ಹೋಗುವವರಿಗೆ ಎರಡು ಮಾತು. ಕಾರ್ಕಳದ ಬೆಟ್ಟವನ್ನು ಬೆಳಿಗ್ಗೆಯೇ ಹತ್ತಿ. ಹೊತ್ತೇರಿದರೆ ಬಂಡೆ ಕಾದು ಮಕ್ಕಳ ಕಾಲು ಸುಡುತ್ತದೆ. ಮಹಾಮಸ್ತಕಾಭಿಷೇಕ ಅಲ್ಲಿ ಹನ್ನೆರಡು ವರ್ಷಕ್ಕೊಮ್ಮೆ, 2015ರ ಜನವರಿಯಲ್ಲಿ ಆಗಿತ್ತು. ಅಭಿಷೇಕದ ವೈಭವ ಬೇಕಾದವರು ಆ ಹೊತ್ತಿಗೆ ಹೋಗಿ. ಬಳ್ಳಿಯ ಎಲೆ ಎಣಿಸುವ ಆಸೆಯಿದ್ದವರು ಮೂರ್ತಿಯ ಹಿಂದೆ ಅಟ್ಟಣಿಗೆ ಕಟ್ಟುವ ಮೊದಲೇ ಹೋಗಿಬನ್ನಿ, ಹುಂಚದ ಮೇಲೆ.